ನಲ್ಲಿ ಕೆಳಗೆ ತೊಳೆದ ಮಿಷನ್ನು

ಮಂಡ್ಯದ ಗುತ್ತಲಿನ ಪುಟ್ಟಸ್ವಾಮಿಯ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಹದಿನಾಲ್ಕು ವ್ಯಾಕ್ಯೂಮ್ ಕ್ಲೀನರುಗಳಿವೆ. ಮನೆಯಲ್ಲಿ ಬಳಸುವ ಸಣ್ಣವಲ್ಲ. ಲಾಡ್ಜು, ಬ್ಯಾಂಕು, ಕಲ್ಯಾಣಮಂಟಪ, ಸಕ್ಕರೆ ಕಾರ್ಖಾನೆಯ ಗೆಸ್ಟ್ ಹೌಸು, ಇಂಥ ಕಡೆ ವರ್ಷಗಟ್ಟಲೆ ದುಡಿದು ಮೂಲೆ ಸೇರಿದ, ಡ್ರಮ್ಮಿನಷ್ಟು ದಪ್ಪನೆಯ ಹಳೇ ಮಿಷನ್ನುಗಳು. ಒಂದೊಂದಕ್ಕೂ ಆನೆ ಸೊಂಡಿಲಿನಂಥ ಕೊಳವೆ. ಪುಟ್ಟಸ್ವಾಮಿ ಅದನ್ನು ಸೊಂಡಿಲು ಅಂತಲೇ ಕರೆಯುವುದು.

"ಊರೋರ ಕಸ ನುಂಗಿದ್ ಮಿಷನ್ನೆಲ್ಲ ತಂದು ಸಾಲಾಗಿ ಕೂರ್ಸವ್ರೆ," ಎಂದು ಹೆಂಡತಿ ಇಂದ್ರಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. "ನಮ್ಮನೆ ಕಸ ಗುಡ್ಸೋಕೆ ಮಾತ್ರ ನಾನೇ ಆಗ್ಬೇಕು."

ನೋಡಲು ಬರುವವರು ಇದ್ದೇ ಇದ್ದರು. ಪುಟ್ಟಸ್ವಾಮಿ ಒಂದೊಂದರ ಮೇಲೂ ಕೈಯಿಟ್ಟು ಅದರ ಕಥೆ ಹೇಳುತ್ತಿದ್ದ. ಇದು ಮದ್ದೂರಿನ ಲಾಡ್ಜಿನದು, ಮದುವೆಗೆ ಬಂದವರ ಮೂಗುತಿ ನುಂಗಿ ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಇದು ಬ್ಯಾಂಕಿನದು, ಇದರ ಸದ್ದಿಗೆ ಮ್ಯಾನೇಜರು ಎದ್ದು ಹೊರಗೆ ಹೋಗುತ್ತಿದ್ದರಂತೆ. ಯಾಕೆ ಇವನ್ನೆಲ್ಲ ಕೂಡಿಹಾಕುತ್ತೀರಿ ಎಂದರೆ ಮಾತ್ರ "ಒಂಥರಾ ಉಚ್ಚು ಕಣಪ್ಪ" ಎಂದು ನಕ್ಕುಬಿಡುತ್ತಿದ್ದ. ಒಂದೇ ಒಂದು ಮಿಷನ್ನನ್ನು ಹುಡುಕುತ್ತಾ ಹದಿನಾಲ್ಕು ಸಿಕ್ಕಿದ್ದವು. ಆ ಒಂದು ಸಿಕ್ಕರೆ ಏನು ಮಾಡುವುದು ಎಂಬ ದಿಗಿಲೂ ಅಷ್ಟೇ ಇತ್ತು. ಇದು ಇಂದ್ರಮ್ಮನಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಮದ್ದೂರಿನ ಗುಜರಿ ಅಂಗಡಿಯ ರಾಜೇಂದ್ರ ಫೋನು ಮಾಡಿದ.

"ಸ್ವಾಮಣ್ಣ, ಮಳವಳ್ಳೀಲಿ ಅಳೇ ಟಾಕೀಸು ಒಡೀತಾವ್ರಲ್ಲ, ಅಲ್ಲಿಂದ ಒಂದು ಡ್ರಮ್ ಬಂದೈತೆ. ಒಂದು ಚಕ್ರ ಮಕ್ಕಳ ಸೈಕಲ್ದು. ಯಾವನೋ ತಲೆಕೆಟ್ಟೋನು ಆಕವ್ನೆ."

"ನಾನೇ ಕಣ್ಲಾ ಆ ತಲೆಕೆಟ್ಟೋನು," ಎಂದ ಪುಟ್ಟಸ್ವಾಮಿ. ಆ ಕಡೆ ರಾಜೇಂದ್ರ ನಕ್ಕ. ಈ ಕಡೆ ಪುಟ್ಟಸ್ವಾಮಿ ಅವತ್ತೇ ಹೋಗಿ ಅದನ್ನು ಹೊರಿಸಿಕೊಂಡು ಬಂದ.

ತಂದ ಮೇಲೆ ಒಂದು ವಾರ ಅದರ ಹತ್ತಿರ ಹೋಗಲಿಲ್ಲ. ಆಮೇಲೊಂದು ದಿನ ತುಕ್ಕು ಹಿಡಿದ ಸ್ಕ್ರೂಗಳಿಗೆ ಸೀಮೆಎಣ್ಣೆ ಬಿಟ್ಟು ಮೇಲಿನ ಮುಚ್ಚಳ ಬಿಚ್ಚಿದ. ಮೋಟಾರಿನ ಕಾಯಿಲು ಸುಟ್ಟು ಕರ್ರಗಾಗಿತ್ತು. ಅದರ ಸಂದಿಯಲ್ಲಿ ಹುಣಸೆಬೀಜದಷ್ಟು ಏನೋ ಗಟ್ಟಿಯಾಗಿ ಅಂಟಿತ್ತು. ಉಗುರಲ್ಲಿ ಕೆರೆದ. ಬೆರಳ ತುದಿ ಕೆಂಪಗಾಯಿತು. ಕುಂಕುಮ.

ಮೂವತ್ತು ವರ್ಷದ ಹಿಂದೆ ಅವನು ಮಳವಳ್ಳಿಯ ಆ ಟಾಕೀಸಿನಲ್ಲಿ ಕರೆಂಟಿನ ಕೆಲಸಕ್ಕಿದ್ದ. ಬಾಲ್ಕನಿಗೆ ಕೆಂಪು ಕಾರ್ಪೆಟ್ ಹಾಸಿದ ವರ್ಷ ಯಜಮಾನರು ಹರಾಜಿನಲ್ಲಿ ಆ ಮಿಷನ್ನು ಹಿಡಿದು ತಂದಿದ್ದರು. ಕಸ ಗುಡಿಸಲು ಬೆಳಕವಾಡಿಯಿಂದ ಬರುತ್ತಿದ್ದವಳು ಮುದ್ದಮ್ಮ. ಅವಳಿಗೆ ಮಿಷನ್ನು ಹಿಡಿಯುವುದನ್ನು ಕಲಿಸಿದವನು ಪುಟ್ಟಸ್ವಾಮಿಯೇ. ನಾಲ್ಕೇ ದಿನಕ್ಕೆ ಅವಳು ಅವನಿಗಿಂತ ಚೆನ್ನಾಗಿ ಓಡಿಸಿದಳು. ಸೀಟಿನ ಸಂದಿಯ ಕಡಲೆಕಾಯಿ ಸಿಪ್ಪೆಯೆಲ್ಲ ಸರಸರ ಒಳಗೆ ಹೋಗುವಾಗ ಕ್ಯಾಂಟೀನಿನವರು ಬಂದು ನಿಂತು ನೋಡುತ್ತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಕಡೆಗೂ ನೋಡದೆ, ನೆಟ್ಟಗೆ ನಿಂತು ಸೊಂಡಿಲು ಆಡಿಸುತ್ತಿದ್ದಳು. ಬಗ್ಗಿ ಗುಡಿಸುವ ಕೆಲಸದಲ್ಲಿ ಹಾಗೆ ನೆಟ್ಟಗೆ ನಿಂತದ್ದು ಅದೇ ಮೊದಲು.

ಆ ವರ್ಷದ ಆಯುಧಪೂಜೆ. ಪ್ರೊಜೆಕ್ಟರಿನ ಹತ್ತಿರ ಆಪರೇಟರು ಯಾರನ್ನೂ ಬಿಡಲಿಲ್ಲ, ತಾನೇ ಬಟ್ಟೆಯಲ್ಲಿ ಒರೆಸಿಕೊಂಡ. ಜನರೇಟರು, ಸೈಕಲ್ಲು, ಈ ಧೂಳಿನ ಮಿಷನ್ನು ಪುಟ್ಟಸ್ವಾಮಿಯ ಪಾಲಿಗೆ ಬಂದವು. ಅವನು ಹುಟ್ಟಿ ಬೆಳೆದದ್ದು ಕೊತ್ತತ್ತಿಯ ರೈತರ ಮನೆಯಲ್ಲಿ. ಹಬ್ಬದ ದಿನ ನೇಗಿಲು, ಗುದ್ದಲಿ, ಟ್ರ್ಯಾಕ್ಟರು ಎಲ್ಲವನ್ನೂ ನಾಲೆಗೆ ಒಯ್ದು ತಿಕ್ಕಿ ತೊಳೆದು ಬೆಳೆದ ಕೈ. ಧೂಳು ತಿಂದು ತಿಂದು ಮಾಸಿದ ಮಿಷನ್ನನ್ನು ಹಾಗೇ ಪೂಜೆಗೆ ಇಡಲು ಮನಸ್ಸು ಬರಲಿಲ್ಲ. ನಲ್ಲಿ ಕೆಳಗೆ ಇಟ್ಟು, ತಲೆಯ ಮೇಲಿಂದ ಒಂದು ಬಿಂದಿಗೆ ನೀರು ಸುರಿದು, ವಿಭೂತಿ ಬಳಿದು ಕುಂಕುಮ ಇಟ್ಟ. ಹೂ ಮುಡಿಸಿದ. ಕರೆಂಟಿನ ಕೆಲಸ ಬಲ್ಲವನು. ನಾಳೆ ಬೆಳಿಗ್ಗೆ ಬಿಚ್ಚಿ ಬಿಸಿಲಿಗಿಡೋಣ ಅಂದುಕೊಂಡ. ಬೆಳಿಗ್ಗೆ ತಡವಾಗಿ ಬಂದ.

ಮುದ್ದಮ್ಮ ಹೊತ್ತಿಗೆ ಸರಿಯಾಗಿ ಬಂದಿದ್ದಳು. ಸ್ವಿಚ್ ಹಾಕಿದ್ದಳು. ಹೊಗೆ ಬಂದು, ಕೈಗೆ ಶಾಕ್ ಹೊಡೆದು, ಸೀಟಿನ ಮೇಲೆ ಬಿದ್ದಿದ್ದಳು.

ಯಜಮಾನರು ಏನಾಯ್ತೋ ಎಂದು ಕೇಳಿದಾಗ ಪುಟ್ಟಸ್ವಾಮಿಯ ಬಾಯಿಂದ ಬಂದದ್ದು ಇಷ್ಟು: "ಸೋಡಾ ಚೆಲ್ಲಿದ್ದುನ್ನ ಎಳ್ಸವ್ಳೆ ಅಂತ ಕಾಣ್ತದೆ ಬುದ್ಧಿ. ಪೊರಕೆ ಇಡಿಯೋ ಕೈಗೆ ಮಿಷನ್ ಕೊಟ್ರೆ ಇನ್ನೇನಾಯ್ತದೆ."

ಯಜಮಾನರಿಗೆ ಆ ಮಾತು ಹಿಡಿಸಿತು. ನಕ್ಕು, ಚೇತರಿಸಿಕೊಂಡು ಹೊರಗೆ ನಿಂತಿದ್ದ ಮುದ್ದಮ್ಮನಿಗೆ ಅದನ್ನೇ ತಿರುಗಿಸಿ ಹೇಳಿ, ನಾಳೆಯಿಂದ ಬರಬೇಡ ಅಂದರು. ಮಿಷನ್ನು ಮೆಟ್ಟಿಲ ಕೆಳಗಿನ ಕೋಣೆ ಸೇರಿತು. ಯಾರೂ ಬಿಚ್ಚಿ ನೋಡಲಿಲ್ಲ.

ಪುಟ್ಟಸ್ವಾಮಿ ಎರಡು ಸಲ ಬೆಳಕವಾಡಿಯವರೆಗೆ ಹೋಗಿದ್ದುಂಟು. ಎರಡು ಸಲವೂ ಬಸ್ಸಿಂದ ಇಳಿಯಲಾಗದೆ, ಶಿವನಸಮುದ್ರಕ್ಕೆ ಟಿಕೆಟು ತೆಗೆದುಕೊಂಡು, ಬೀಳುವ ನೀರು ನೋಡಿಕೊಂಡು ವಾಪಸು ಬಂದಿದ್ದ.

ಈಗ ಕಾಯಿಲು ಸುತ್ತಿಸಿದ. ಕಾರ್ಬನ್ ಬದಲಿಸಿದ. ಮಿಷನ್ನು ಗುಂಯ್ ಎಂದಿತು. ಆದರೆ ಸಾಲಿನಲ್ಲಿ ಹದಿನೈದನೆಯದಾಗಿ ಇಡಲು ಆಗಲಿಲ್ಲ. ಬಂದವರು ಇದರ ಕಥೆಯೇನು ಅಂದರೆ? ಗೋಣಿಚೀಲ ಮುಚ್ಚಿಟ್ಟ. ಹತ್ತು ದಿನ ಆ ಚೀಲವನ್ನು ನೋಡಿ, ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಬೀದಿಯ ಹುಡುಗ ಅಪ್ಪುವಿನ ಲಗೇಜ್ ಆಟೋಗೆ ಮಿಷನ್ನು ಹೇರಿಸಿದ.

ಅಪ್ಪುಗೆ ದಾರಿಯುದ್ದಕ್ಕೂ ಮಾತು ಬೇಕು. "ಯಾರ್ಗಣ್ಣ ಇದು?"

"ಬೇಕಾದೋರ್ಗೆ."

"ಏನಾಗಿತ್ತು ಇದ್ಕೆ?"

"ಯಾರೋ ಕೆಡ್ಸಿದ್ರು," ಎಂದ ಪುಟ್ಟಸ್ವಾಮಿ. ಹೇಳಿದ ಮೇಲೆ ಮುಖ ಆಚೆ ತಿರುಗಿಸಿಕೊಂಡ. ಮಳವಳ್ಳಿ ದಾಟುವವರೆಗೂ ಕಬ್ಬಿನ ಗದ್ದೆ ನೋಡುತ್ತಾ ಕೂತ.

ಮುದ್ದಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ವನಜಾ ಟೀಚರ್ ಮನೆ ಎಂದರೆ ಬೆಳಕವಾಡಿಯಲ್ಲಿ ಯಾರಾದರೂ ತೋರಿಸುತ್ತಿದ್ದರು. ವನಜಾ ಅವಳ ಮಗಳು, ಮಳವಳ್ಳಿಯಲ್ಲಿ ಹೈಸ್ಕೂಲು ಮೇಡಮ್ಮು. ಆರ್‌ಸಿಸಿ ಮನೆ, ನಡುಮನೆಯ ಗೋಡೆಗೆ ಬುದ್ಧನ ಪಟ, ನೆಲಕ್ಕೆ ಚಾಪೆ. ಮುದ್ದಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇವನನ್ನು ನೋಡಿ, ಕಣ್ಣು ಕಿರಿದು ಮಾಡಿ, ಎದ್ದು ನಿಂತಳು.

"ಪುಟ್ಟಸ್ವಾಮಣ್ಣೋರಲ್ವಾ? ಬನ್ನಿ ಅಣ್ಣೋರೇ. ಎಂಗಿದ್ದೀರಿ?"

"ಅದೀನಿ," ಎಂದ. ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯಲಿಲ್ಲ. ಆಗೆಲ್ಲ ಅವನು ಅವಳನ್ನು ಮುದ್ದಿ ಅನ್ನುತ್ತಿದ್ದ.

ಅಪ್ಪು ಮಿಷನ್ನು ಇಳಿಸಿ ನಡುಮನೆಗೆ ತಂದಿಟ್ಟು, ಆಟೋ ಹತ್ತಿರ ಹೋದ. ಪುಟ್ಟಸ್ವಾಮಿಯ ಜೊತೆ ಒಳಗೆ ಬಂದ ಮುದ್ದಮ್ಮ ಅದರ ಚಕ್ರ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ನೋಡವ್ವ ವನಜಾ, ಯೇಳ್ತಿದ್ನಲ್ಲ, ನಾನು ಕೆಡ್ಸಿದ್ ಮಿಷನ್ನು. ಇದೇಯ."

ವನಜಾ ಕಾಫಿಯ ಲೋಟ ತಂದು ಪುಟ್ಟಸ್ವಾಮಿಯ ಪಕ್ಕ ಇಟ್ಟಳು. "ಅವ್ವ ಇವತ್ತಿಗೂ ಮಿಕ್ಸಿ ಮುಟ್ಟಲ್ಲ ಸರ್," ಅಂದಳು. "ನಾನು ಸ್ಕೂಲಿಗೆ ಹೋದ್ರೆ ಒರಳಲ್ಲೇ ರುಬ್ಬುತ್ತೆ. ಫ್ಯಾನ್ ಹಾಕೋಕೂ ಪಕ್ಕದ ಮನೆ ಸೋಮಮ್ಮನ್ನ ಕೂಗುತ್ತೆ. ವಾಷಿಂಗ್ ಮಿಷನ್ ತಂದು ಎರಡು ವರ್ಷ ಆಯ್ತು, ಅದ್ರ ಮೇಲೆ ಒಂದು ಬಟ್ಟೆ ಹೊದಿಸಿ ಸುಮ್ಮನಿದೆ."

"ನನ್ ಕೈ ಸರಿ ಇಲ್ಲ ಕಣವ್ವ," ಎಂದಳು ಮುದ್ದಮ್ಮ, ಹವಾಮಾನದ ಮಾತು ಆಡಿದ ಹಾಗೆ. "ಅವತ್ತು ಸೋಡಾ ಚೆಲ್ಲಿತ್ತು. ನೋಡ್ದೆ ಎಳ್ಸುಬುಟ್ಟೆ. ಅಷ್ಟು ಬೆಲೆ ಬಾಳೋ ಮಿಷನ್ನು."

ಪುಟ್ಟಸ್ವಾಮಿ ಅವಳ ಮುಖವನ್ನೇ ನೋಡಿದ. ಅವತ್ತು ಯಾವ ಸೋಡಾವೂ ಚೆಲ್ಲಿರಲಿಲ್ಲ. ಅದು ಅವನ ಬಾಯಲ್ಲಿ ಹುಟ್ಟಿದ ಸೋಡಾ. ಮೂವತ್ತು ವರ್ಷದಲ್ಲಿ ಅದು ಅವಳು ಕಣ್ಣಾರೆ ಕಂಡ ಸೋಡಾ ಆಗಿಬಿಟ್ಟಿತ್ತು. ಅವಳಿಗೆ ಕೆಲಸ ಹೋಯಿತು ಅಂತಷ್ಟೇ ಅವನು ಇಷ್ಟು ದಿನ ಕೊರಗಿದ್ದ. ಈ ಲೆಕ್ಕವೇ ಅವನಿಗೆ ತಿಳಿದಿರಲಿಲ್ಲ.

"ಮುದ್ದಮ್ಮ," ಎಂದ. "ಸೋಡಾ ಚೆಲ್ಲಿರ್ಲಿಲ್ಲ. ಅದ್ರ ಮುಂಚಿನ್ ದಿನ ಪೂಜೆಗೆ ಅಂತ ನಾನೇ ನಲ್ಲಿ ಕೆಳಗಿಟ್ಟು ನೀರು ಉಯ್ದಿದ್ದೆ."

ಅವಳು ಕೈಯಲ್ಲೇ ಉಳಿದಿದ್ದ ಅವರೆಕಾಯಿಯನ್ನು ಕಿಟಕಿಯ ಮೇಲಿಟ್ಟಳು. "ಎಷ್ಟು?"

"ಒಂದು ಬಿಂದಿಗೆ."

"ಅಂಗಾರೆ ಒಣಗ್ಸಿರ್ಲಿಲ್ಲ."

"ಇಲ್ಲ."

"ಸ್ವಿಚ್ ಆಕ್‌ಬ್ಯಾಡ ಅಂತ ಯೇಳ್ಬೋದಾಗಿತ್ತಲ್ಲ?"

"ತಡ ಆಯ್ತು ಬರೋದು. ಆಮೇಲೆ ಎದ್ರುಕೊಂಡು ನಿನ್ ಮೇಲೆ ಆಕ್ದೆ."

ಮುದ್ದಮ್ಮ ತನ್ನ ಬಲಗೈಯನ್ನು ಮಗುಚಿ ಒಮ್ಮೆ, ಹಾಗೇ ಇನ್ನೊಮ್ಮೆ ನೋಡಿಕೊಂಡಳು.

"ಓಗ್ಲಿ ಬುಡಿ," ಎಂದಳು ಮುದ್ದಮ್ಮ ಕೊನೆಗೆ. "ನೀವಾದ್ರೂ ಬಂದು ಯೇಳಿದ್ರಿ. ಕೆಲ್ಸ ಓದ್ರೆ ಓಯ್ತು. ಆ ಯಜಮಾನ ಆಡ್ದ ಮಾತು ಮಾತ್ರ ಇವತ್ಗೂ ಎದೆ ಮೇಲೈತೆ. ಪೊರಕೆ ಇಡಿಯೋ ಕೈಗೆ ಅಂದ್ನಲ್ಲ. ಪಟ್ಟಂತ ಅಂದುಬುಟ್ಟ."

ಯಜಮಾನರು ಸತ್ತು ಹನ್ನೆರಡು ವರ್ಷವಾಗಿತ್ತು. ಪುಟ್ಟಸ್ವಾಮಿ ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಬಹುದಿತ್ತು. ಅವಳು ಬಿಡಿ ಅಂದೂ ಆಗಿತ್ತು. ಬರುವಾಗ ದಾರಿಯಲ್ಲಿ ನೀರಿನ ವಿಷಯ ಹೇಳುವುದನ್ನು ಹತ್ತು ಸಲ ಜೋಡಿಸಿಕೊಂಡಿದ್ದ. ಈ ಮಾತನ್ನು ಒಂದು ಸಲವೂ ಜೋಡಿಸಿಕೊಂಡಿರಲಿಲ್ಲ.

"ಅದು ಅವ್ರ ಮಾತಲ್ಲ," ಎಂದ. "ಅದು ನಾನು ಆಡಿದ್ದು. ಅವ್ರು ನಿನಗೆ ಒಪ್ಪಿಸಿದ್ರು ಅಷ್ಟೆ."

ಹೊರಗೆ ಅಪ್ಪು ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದ. ಮುದ್ದಮ್ಮ ಮಿಷನ್ನಿನ ಕಡೆ ನೋಡಿ, ಆಮೇಲೆ ಅವನ ಕಡೆ ತಿರುಗಿದಳು. ಈ ಸಲ ಅಣ್ಣೋರೇ ಅನ್ನಲಿಲ್ಲ.

"ನೀನೇ ಅಲ್ವಾ ನನಗೆ ಇದ್ನ ಇಡ್ಯೋದು ಕಲ್ಸಿದ್ದು?"

"ಊಂ."

"ಚೆನ್ನಾಗಿ ಇಡೀತೀಯ ಅಂತ ಅಂದಿದ್ದೆ."

"ಅಂದಿದ್ದೆ."

"ಆಚೆ ಕೂತ್ಕೋ ಓಗು."

ಅವನು ಜಗಲಿಗೆ ಬಂದು ಕೂತ. ಒಳಗೆ ಮುದ್ದಮ್ಮ ಮಗಳಿಗೆ ಏನೋ ಹೇಳಿದಳು. ಪ್ಲಗ್ಗು ಚುಚ್ಚಿದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. "ನಾನು ಹಾಕ್ಲಾ ಅವ್ವ?" ಎಂದಳು ವನಜಾ. "ಸುಮ್ಕಿರು," ಎಂದಳು ಮುದ್ದಮ್ಮ. ಟಕ್ಕೆಂದು ಸ್ವಿಚ್ ಬಿತ್ತು. ಮಿಷನ್ನು ಗುಂಯ್ ಎಂದಿತು.

ಸದ್ದು ಚಾಪೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ತಿರುಗಿ ಬಂತು. ಕುರ್ಚಿಯ ಕಾಲಿನ ಸುತ್ತ ಸಣ್ಣಗಾಯಿತು. ಕೈ ಮರೆತಿರಲಿಲ್ಲ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಪುಟ್ಟಸ್ವಾಮಿ ತಲೆ ತಗ್ಗಿಸಿ, ಮೊರದಲ್ಲಿದ್ದ ಅವರೆಕಾಳು ನೋಡುತ್ತಾ ಕೂತಿದ್ದ. ಒಳಗೆ ಹೋಗಿ ನೋಡುವ ಆಸೆ ಇತ್ತು, ಮುಖ ಇರಲಿಲ್ಲ.

ಸದ್ದು ನಿಂತಿತು. ಮುದ್ದಮ್ಮ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ತಕೊಂಡೋಗು ಇದ್ನ."

"ನಿನಗೇ ಅಂತ ರಿಪೇರಿ ಮಾಡ್ಸಿ ತಂದೆ."

"ನನಗ್ಯಾಕೆ? ನಮ್ಮನೇಲಿ ಪೊರಕೆ ಐತೆ. ಅಳೇ ಮಿಷನ್ ಕೂಡಾಕಿ ಬಂದೋರ್ಗೆಲ್ಲ ಕಥೆ ಯೇಳ್ತೀಯಂತಲ್ಲ, ಯಾವ್ದೋ ಪೇಪರ್ನಲ್ಲಿ ಬಂದಿತ್ತಂತೆ, ವನಜಾ ಓದಿದ್ಲು. ಇದ್ನೂ ಅಲ್ಲೇ ಮಡಿಕ್ಕೊ. ಯಾಕೆ ಕೆಡ್ತು ಅಂತ ಕೇಳ್ದೋರ್ಗೆಲ್ಲ ಯೇಳು. ಪೊರಕೆ ಮಾತೂ ಸೇರ್ಸಿ ಯೇಳು. ಬುಟ್ಟೀಯ."

ಪುಟ್ಟಸ್ವಾಮಿ ತಲೆಯಾಡಿಸಿ ಎದ್ದ.

"ಕಾಫಿ ಕುಡ್ದೋಗು," ಎಂದಳು ಮುದ್ದಮ್ಮ. "ನಮ್ಮನೇದು ಅಂತ ಕುಡೀದೆ ಬುಟ್ರೆ, ಪೊರಕೆ ಮಾತಿನ್ ಜೊತೆ ಅದೂ ಒಂದಾಯ್ತದೆ."

ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಅವನು ನಿಂತುಕೊಂಡೇ, ಒಂದು ತೊಟ್ಟೂ ಉಳಿಸದೆ ಕುಡಿದ. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದ. ವನಜಾ ಬಂದು ಇಸಿದುಕೊಂಡಳು.

ಮಿಷನ್ನು ಮತ್ತೆ ಆಟೋ ಏರಿತು. ಬೆಳಕವಾಡಿ ದಾಟಿದ್ದೇ ತಡ, ಅಪ್ಪು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ.

"ಅದ್ಯಾಕಣ್ಣ, ತಕೊಳ್ನಿಲ್ವಾ ಅವ್ರು? ಚೆನ್ನಾಗೇ ಓಡ್ತಿತ್ತಲ್ಲ. ಯಾರೋ ಕೆಡ್ಸಿದ್ರು ಅಂದ್ರಿ, ಯಾರದು?"

ಮಂಡ್ಯ ಇನ್ನೂ ಬಹಳ ದೂರವಿತ್ತು. ಪುಟ್ಟಸ್ವಾಮಿ ಸೀಟಿನ ಮುಂದಿನ ಕಂಬಿ ಹಿಡಿದುಕೊಂಡ.

"ನಾನೇ ಕಣ್ಲಾ," ಎಂದ. "ಅವತ್ತು ಆಯುಧಪೂಜೆ."