ಜಾಲರಿಯ ಹೆಡ್‌ಫೋನು

ಕಂಪಲಾಪುರದ ನೀಲಕಂಠಸ್ವಾಮಿಗೆ ಮಾತು ಕಡಿಮೆ, ಹಟ ಜಾಸ್ತಿ. ಹೆಂಡತಿ ಮಂಗಳಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಎಷ್ಟು ಕರೆದರೂ ಅವಳ ಮನೆಗೆ ಹೋಗದೆ, ಹೊಲದಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಪಕ್ಕದಲ್ಲೇ ಬಿಡಾರ ಹೂಡಿದ್ದ. ಒಲೆಗೆ ಸೌದೆ ತಳ್ಳುವುದು, ಸೊಪ್ಪು ಬಣ್ಣ ತಿರುಗಿತೇ ಎಂದು ಇಣುಕುವುದು, ಮಿಕ್ಕ ಹೊತ್ತು ಟ್ರಾನ್ಸಿಸ್ಟರ್. ಅವನ ಜೊತೆ ಮಾತಾಡುತ್ತಿದ್ದದ್ದು ಅದೊಂದೇ.

ಎಪ್ಪತ್ತಮೂರನೇ ಇಸವಿಯಲ್ಲಿ ರಜೆಗೆ ಬಂದ ಅಕ್ಕನ ಮಗ ವೀರಭದ್ರಸ್ವಾಮಿ, ಮಿಲಿಟರಿಯಲ್ಲಿ ವೈರ್‌ಲೆಸ್ ಕೆಲಸದವನು, ಬೊಂಬಾಯಿಯಿಂದ ತಂದ ಎರಡು ಹೆಡ್‌ಫೋನು ಮುಂದಿಟ್ಟ.

“ಮಾವ, ಒಂದು ನಿಮ್ಗೆ, ಒಂದು ನಂಗೆ. ಇದು ಬೆನ್ನು ಮುಚ್ಚಿರೋದು, ಹೊರಗಿಂದು ಏನೂ ಕೇಳಾಕಿಲ್ಲ. ಇದಕ್ಕೆ ಹಿಂದ್ಗಡೆ ಜಾಲರಿ ಅದೆ. ಹಾಡೂ ಕೇಳ್ತದೆ, ಕಾಗೆ ಕೂಗೋದೂ ಕೇಳ್ತದೆ. ಎರಡ್ನೂ ಹಾಕ್ ನೋಡಿ, ನಾಳಿದ್ದು ಬತ್ತೀನಿ.”

“ಕಾಗೆ ಕೂಗೋದ್ ಕೇಳಕ್ಕೆ ಇದ್ಯಾಕ್ಲಾ?” ಎಂದ ನೀಲಕಂಠಸ್ವಾಮಿ.

ಮನಸ್ಸು ಆಗಲೇ ಮುಚ್ಚಿದ್ದರ ಕಡೆ ವಾಲಿತ್ತು. ಅಳಿಯನಿಗೆ ಹೇಳದ ಕಾರಣವೊಂದಿತ್ತು. ಆ ಸೀಮೆಯ ಹೆಂಗಸರು ಗಂಡನ ಹೆಸರು ಎತ್ತುವವರಲ್ಲ. ಬುತ್ತಿ ತಂದವರು ಬದುವಿನ ಮೇಲೆ ನಿಂತು, “ಓಯ್, ಉಣ್ಣಕ್ ಬನ್ನೀ” ಎಂದು ಕೂಗಿದರೆ ಮುಗಿಯಿತು. ಯಾರ ಹೆಂಡತಿ ಕರೆದಳೆಂದು ಗಂಡಸರೇ ತಿಳಿದುಕೊಳ್ಳಬೇಕು. ಮಂಗಳಮ್ಮನೂ ಹಾಗೇ ಕೂಗುತ್ತಿದ್ದಳು. ಅವಳು ಹೋದರೂ ಸುತ್ತಲ ಹೊಲಗಳಲ್ಲಿ ಆ ಕೂಗು ನಿಲ್ಲಲಿಲ್ಲ, ಕೂಗಿಗೆ ಎದ್ದೇಳುವ ಇವನ ಚಟವೂ ನಿಲ್ಲಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆನಪಾಗುವುದು. ದಿನವೂ ಮಧ್ಯಾಹ್ನ ಅವಳು ಹೊಸದಾಗಿ ಸಾಯುತ್ತಿದ್ದಳು.

ಮರುದಿನ ಬೆಳಿಗ್ಗೆಯೇ ಮುಚ್ಚಿದ್ದನ್ನು ಏರಿಸಿಕೊಂಡ. ಪಿಟೀಲಿನವರು ತಲೆಯೊಳಗೇ ಕೂತು ನುಡಿಸಿದಂತಾಯಿತು. ವಾರ್ತೆ ಕೇಳಿದ, ರೈತರ ಕಾರ್ಯಕ್ರಮ ಕೇಳಿದ, ಅರ್ಥವಾಗದ ಹಿಂದಿ ಹಾಡನ್ನೂ ಬಿಡಲಿಲ್ಲ. ಎದ್ದದ್ದು ಸೌದೆ ತಳ್ಳುವುದಕ್ಕೆ ಮಾತ್ರ. ಹೊಟ್ಟೆ ಚುರುಗುಟ್ಟಿ ಡಬ್ಬಿ ತೆಗೆದಾಗ ಬಿಸಿಲು ಇಳಿದಿತ್ತು; ಬೆಳಿಗ್ಗೆ ತಾನೇ ಕಟ್ಟಿಟ್ಟ ಮುದ್ದೆ ಒಣಗಿ ಕಲ್ಲಾಗಿತ್ತು. ತುತ್ತು ಮುರಿಯುವಾಗ ಹೊಳೆಯಿತು. ಇವತ್ತು ಮಂಗಳಮ್ಮ ಕರೆಯಲಿಲ್ಲ.

ನೆಮ್ಮದಿಯಾಗಬೇಕಿತ್ತು, ಬಯಸಿದ್ದೂ ಅದನ್ನೇ. ಆದರೆ ಮುರಿದ ತುತ್ತನ್ನು ಮತ್ತೆ ಡಬ್ಬಿಗೇ ಹಾಕಿದ. ಎರಡು ವರ್ಷ ಒಂದು ದಿನವೂ ತಪ್ಪದೆ ಬಂದವಳನ್ನು ಇವತ್ತು ತಾನೇ ಬಾಗಿಲು ಹಾಕಿ ಹೊರಗೆ ನಿಲ್ಲಿಸಿದೆನಲ್ಲ ಎನ್ನಿಸಿತು. ಹೆಡ್‌ಫೋನು ಕಿತ್ತು ಚಾಪೆಯ ಮೇಲೆ ಹಾಕಿ, ಮುದ್ದೆ ಮುಂದಿಟ್ಟುಕೊಂಡು ಅತ್ತ. ಅವಳು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಹೇಳಿದಂತೆ ಅಳಿಯ ಬಂದ. ಮುಚ್ಚಿದ್ದನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿತ್ತ ನೀಲಕಂಠಸ್ವಾಮಿ.

“ಅಯ್ಯೋ, ಒಳ್ಳೇದ್ನೇ ವಾಪಸ್ ಕೊಡ್ತೀರಲ್ಲ ಮಾವ! ಜಾಲರೀದ್ರಲ್ಲಿ ಹೊಲದ್ ಗಲಾಟೆಯೆಲ್ಲ ಒಳಕ್ ಬತ್ತದೆ.”

“ಬರ್ಲಿ ಬುಡು.”

ಅಳಿಯ ಬಸ್ಸಿಗೆ ಹೊರಟ. ನೀಲಕಂಠಸ್ವಾಮಿ ಜಾಲರಿಯದನ್ನು ಹಾಕಿಕೊಂಡು ಬ್ಯಾರನ್ನಿನ ನೆರಳಿನಲ್ಲಿ ಕೂತ. ಯಾರೋ ಹಾಡುತ್ತಿದ್ದರು, ಹಾಡಿನ ಆಚೆ ಎತ್ತಿನ ಕೊರಳಗಂಟೆಯೂ ಕೇಳುತ್ತಿತ್ತು. ಹೊತ್ತು ನೆತ್ತಿಗೆ ಬಂದಾಗ ಪಕ್ಕದ ಹೊಲದಿಂದ ಕೆಂಪಯ್ಯನ ಹೆಂಡತಿ ಸುನಂದಮ್ಮ ಕೂಗಿದಳು.

“ಓಯ್, ಉಣ್ಣಕ್ ಬನ್ನೀ…”

ಅದು ಸುನಂದಮ್ಮನ ದನಿ, ಕೆಂಪಯ್ಯನಿಗೆ ಬಂದ ಕರೆ, ಗೊತ್ತಿತ್ತು. ಟವೆಲ್ಲು ಹೆಗಲಿಗೆ ಹಾಕಿ ಎದ್ದ. ನಾಲ್ಕು ಹೆಜ್ಜೆ ನಡೆದು, ಯಾರಿಗೂ ಕೇಳದಷ್ಟು ಮೆಲ್ಲಗೆ ಓಗೊಟ್ಟ.

“ಓ… ಬಂದೆ ಕಣೇ.”