ಒಂದು ಸೀಟಿನ ತೂಕ

“ಈ ಚೀಲ ಯಾರದ್ದು? ಅರ್ಧಾನೂ ಇಲ್ವಲ್ಲ!”

ಸಾಗರದಿಂದ ಬಂದಿದ್ದ ಬ್ರೇಕ್ ಇನ್ಸ್‌ಪೆಕ್ಟರು ಕಿಟಕಿ ಪಕ್ಕದ ಸೀಟಿನ ಮೇಲಿದ್ದ ಮರಳಿನ ಚೀಲವನ್ನು ಬೆರಳಿನಿಂದ ಒತ್ತಿ ನೋಡಿದರು. ಹೋದ ಸಲ ಡ್ರೈವರ್ ವಾಸಪ್ಪ ಖಾಲಿ ಬಸ್ಸು ಓಡಿಸಿ ತೋರಿಸಿದಾಗ ಅವರು ಒಪ್ಪಿರಲಿಲ್ಲ. ಜನ ತುಂಬಿದಷ್ಟು ಭಾರ ಹೇರಿ ಇಳಿಜಾರಿನಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಬಸ್ಸು ಓಡಿಸಲು ಯೋಗ್ಯ ಎಂಬ ಎಫ್.ಸಿ. ಕೊಡುವುದಿಲ್ಲ ಎಂದಿದ್ದರು. ಹಾಗಾಗಿ ದಿನಾ ಓಡಾಡುವ ಮನೆಗಳವರು ತಮ್ಮ ತಮ್ಮ ಸೀಟಿಗೆ ಒಂದೊಂದು ಚೀಲ ಹೊತ್ತು ತಂದಿದ್ದರು. ದುಗ್ಗಪ್ಪ ತನ್ನ ಚೀಲಕ್ಕೆ ರುಮಾಲು ಬೇರೆ ಸುತ್ತಿದ್ದ.

“ನಮ್ಮ ನಾಗವೇಣೀದು ಸ್ವಾಮಿ,” ಎಂದಳು ಕೆಳಗೆ ನಿಂತ ಕೆರಿಯಮ್ಮ. “ಹುಡ್ಗಿ ಇರೋದೇ ಅಷ್ಟು. ಸುಳ್ಳು ಭಾರ ಹಾಕ್ಬಾರ್ದಲ್ವಾ?”

ಎಲ್ಲರೂ ನಕ್ಕರು. ಕೆರಿಯಮ್ಮ ನಗಲಿಲ್ಲ. ಹೊಸನಗರದ ಹೈಸ್ಕೂಲಿಗೆ ಇದೊಂದೇ ಬಸ್ಸು. ಅದು ನಿಂತಾಗಿನಿಂದ ಮಗಳು ಮನೆಯಲ್ಲೇ ಇದ್ದಳು. ಇವತ್ತೂ ಪಾಸಾಗದಿದ್ದರೆ ಓದಿದ್ದು ಸಾಕು ಎಂದು ಗಂಡ ಮಂಜುನಾಥಪ್ಪ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

“ಹುಡುಗಿಯಾಗಲಿ, ಪೈಲ್ವಾನನಾಗಲಿ, ಸೀಟಿಗೆ ಒಂದೇ ತೂಕ. ತುಂಬಿಸಿ,” ಎಂದರು ಇನ್ಸ್‌ಪೆಕ್ಟರು.

ಕೆರಿಯಮ್ಮ ಗಂಡನ ಕಡೆ ತಿರುಗಿದಳು. “ಕೇಳಿಸ್ತೇನ್ರೀ?”

“ಕೇಳಿಸ್ತು ಮಾರಾಯ್ತಿ.”

ಮಂಜುನಾಥಪ್ಪ ಹೆಗಲ ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಹಳ್ಳಕ್ಕೆ ಇಳಿದು ಬುಟ್ಟಿ ತುಂಬ ಮರಳು ತಂದು ಸುರಿದ. ಚೀಲವನ್ನು ಕುಕ್ಕಿ ನೋಡಿ, ಮತ್ತೊಂದು ಬುಟ್ಟಿ ತಂದ.

“ಎಂಥ ಮಂಜಣ್ಣ,” ದುಗ್ಗಪ್ಪ ಕೆಣಕಿದ, “ಮಗಳಿಗೆ ಇಷ್ಟು ಉಣ್ಸಿದ್ರೆ ಬಸ್ಸು ಏರು ಹತ್ತೋದು ಹ್ಯಾಂಗೆ?”

“ನಿನ್ ಚೀಲಕ್ಕಿಂತ ಕಮ್ಮಿ ಆಗ್ಬಾರ್ದಲ್ಲ, ಸುಮ್ನಿರು.”

ವಾಸಪ್ಪ ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಸ್ಸು ಇಳಿಜಾರಿನಲ್ಲಿ ಗುರುಗುಟ್ಟುತ್ತ ಬಂತು. ಇನ್ಸ್‌ಪೆಕ್ಟರು ಕೈ ಬೀಸಿದರು. ಬ್ರೇಕು ಕಿರುಚಿತು, ಧೂಳೆದ್ದಿತು. ಕೆರಿಯಮ್ಮ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಮುಂದಿನ ಚಕ್ರ, ದಾಟಬಾರದೆಂದು ಇನ್ಸ್‌ಪೆಕ್ಟರು ಎಳೆಸಿದ್ದ ಸುಣ್ಣದ ಗೆರೆಯ ಈಚೆಗೇ ನಿಂತಿತ್ತು.

“ನಾಳೆಯಿಂದ ಓಡಿಸಿ,” ಎಂದರು ಇನ್ಸ್‌ಪೆಕ್ಟರು.

ಚೀಲ ಇಳಿಸಲು ಎಲ್ಲರೂ ಹತ್ತಿದರು. ಕೆಲವು ಮುಗ್ಗರಿಸಿ ಕೆಳಗೆ ಬಿದ್ದಿದ್ದವು. ದುಗ್ಗಪ್ಪನದು ರುಮಾಲು ಕಳೆದುಕೊಂಡು ಬಾಗಿಲ ಹತ್ತಿರ ಮಲಗಿತ್ತು. ನಾಗವೇಣಿಯದು ಮಾತ್ರ ಇಟ್ಟಲ್ಲೇ ನೆಟ್ಟಗೆ ಕೂತಿತ್ತು. ಯಾವಾಗಲೋ ಯಾರೋ ಅದನ್ನು ಒಂದು ಹೆಗಲ ವಸ್ತ್ರದಿಂದ ಸೀಟಿಗೆ ಬಿಗಿದು ಕಟ್ಟಿದ್ದರು.

ಮಂಜುನಾಥಪ್ಪ ಬಗ್ಗಿ ಗಂಟು ಬಿಚ್ಚಿದ. ಚೀಲವನ್ನು ಕೆಳಗಿಳಿಸಿ, ಅದೇ ವಸ್ತ್ರದಿಂದ ಸೀಟಿನ ಮೇಲಿನ ಮರಳನ್ನು ಕೊಡವಿದ. ಸಂದಿಯಲ್ಲಿ ಇನ್ನೂ ಸ್ವಲ್ಪ ಇತ್ತು. ಅದನ್ನೂ ಬೆರಳಿಂದ ತೆಗೆದ.