ಮೇಲಿನ ಹಾಳೆ ಅತ್ತೆಯದು, ಕೆಳಗಿನದು ಸೊಸೆಯದು

ನನ್ನ ಅಮ್ಮ, ನನ್ನ ಹೆಂಡತಿ ಇಬ್ಬರೂ ಬೆಸುಗೆಯವರು. ಅದಿರು ಅರೆಯುವ ನಮ್ಮ ಗಿರಣಿಯ ಕೆಸರು ಹೋಗಿ ಸೇರುವ ಕೊಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡು ಪದರ ಹಾಸಿದ್ದಾರೆ. ಮೇಲಿನದು ಹರಿದರೆ ಕೆಳಗಿನದು ತಡೆಯಬೇಕು. ಮೇಲಿನದನ್ನು ಬೆಸೆದವಳು ಅಮ್ಮ, ಕೆಳಗಿನದನ್ನು ಬೆಸೆದವಳು ಹೆಂಡತಿ. ನಾನು ಪಂಪಿನವನು. ಎರಡರ ನಡುವೆ ಏನಾದರೂ ಸೋರಿದೆಯೇ ಎಂದು ದಿನಾ ನೋಡುವುದು ನನ್ನ ಕೆಲಸ. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಕೆಲಸ.

ಬೆಸುಗೆ ಆರುವ ಮೊದಲು ಅದರ ತುದಿಯಲ್ಲಿ ತಮ್ಮ ಗುರುತು ಒತ್ತುವುದು ನಮ್ಮ ಬೆಸುಗೆಯವರ ವಾಡಿಕೆ. ಯಾರ ಕೆಲಸ ಎಂದು ಮುಂದೆ ತಿಳಿಯಬೇಕಲ್ಲ. ಹೆಂಡತಿಯದು ಸಣ್ಣ ಚುಕ್ಕೆ. ಅಮ್ಮನದು ಅರ್ಧಚಂದ್ರ, ಅದಕ್ಕೆಂದೇ ಕಬ್ಬಿಣದ ಅಚ್ಚು ಮಾಡಿಸಿಕೊಂಡಿದ್ದಾಳೆ. ಕೈಯೇನೋ ಚಿನ್ನದಂಥದ್ದು, ಬಾಯಿ ಮಾತ್ರ ಕೈಗಿಂತ ಮುಂದು.

"ನಿನ್ನ ಬೆಸುಗೆನೂ ಚೆನ್ನಾಗಿದೆ ಬಿಡಮ್ಮ," ಎಂದು ಊಟಕ್ಕೆ ಕೂತಾಗಲೆಲ್ಲ ಸೊಸೆಗೆ ಹೇಳುವಳು. "ನೀರೇ ಮುಟ್ಟದೆ ಇರೋದು ಸೋರೋದಾದ್ರೂ ಹೇಗೆ?"

ಹೆಂಡತಿ ನನ್ನ ತಟ್ಟೆಯ ಮೇಲೆ ಸೌಟು ಕುಟ್ಟುತ್ತಿದ್ದಳು.

ಒಂದು ಬೆಳಿಗ್ಗೆ ತಪಾಸಣೆ ಗುಂಡಿಗೆ ಕೋಲು ಇಳಿಸಿದೆ. ಹಾಳೆಗಳ ನಡುವೆ ಜಾರಿದ ನೀರು ಬಂದು ನಿಲ್ಲಲೆಂದು ತೋಡಿದ ಗುಂಡಿ ಅದು. ತೋಡಿದಾಗಿನಿಂದ ಒಣಗಿಯೇ ಇತ್ತು. ಕೋಲು ಮೊಳದುದ್ದ ಒದ್ದೆಯಾಗಿ ಬಂತು.

ಅಮ್ಮನ ಹಾಳೆ ಸೋರಿದೆ ಎಂದು ಊರಿಗೆಲ್ಲ ಸಾರಬೇಕಾದವನು ಅವಳ ಮಗನೇ ಆಗಬೇಕೆ? ಆದರೆ ಅದು ಸಣ್ಣ ಮಾತು. ಕೊಳದ ಕೆಳಗಿನ ಇಳಿಜಾರಿನಲ್ಲಿ ನಮ್ಮ ಬೀದಿಯ ಕುಡಿಯುವ ನೀರಿನ ಬಾವಿಯಿದೆ. ಹೆಂಡತಿಯ ಹಾಳೆಯೂ ಕೈಕೊಟ್ಟಿದ್ದರೆ ಈ ವಿಷದ ನೀರು ನೇರ ಅಲ್ಲಿಗೇ. ಅಪಾಯದ ಹಗ್ಗ ಎಳೆದೆ. ಸೈರನ್ ಕೂಗಿತು, ಗಿರಣಿ ನಿಂತಿತು.

ತಾಲೀಮಿನ ದಿನಗಳಲ್ಲಿ ನಗಾಡುತ್ತ ಓಡುತ್ತಿದ್ದವರೆಲ್ಲ ಈಗ ತುಟಿ ಬಿಗಿದು ಓಡಿದರು. ಕೆಸರಿನ ಕೊಳವೆಯ ವಾಲ್ವ್ ಮುಚ್ಚಿದರು. ಬೀದಿಯ ಬಾವಿಗೆ ಬೀಗ ಹಾಕಿ ನೀರಿನ ಟ್ಯಾಂಕರ್ ಕಳಿಸಿದರು. ನಾನು ಪಂಪು ಹಚ್ಚಿ ಗುಂಡಿಯ ನೀರನ್ನೂ ಕೊಳದ ನೀರನ್ನೂ ಮೀಸಲು ತೊಟ್ಟಿಗೆ ಎತ್ತತೊಡಗಿದೆ. ಕೊಳಕ್ಕೂ ಬೀದಿಗೂ ನಡುವೆ ಕೊರೆದಿದ್ದ ಪರೀಕ್ಷೆಯ ಬಾವಿಗಳಿಂದ ನೀರು ತರಲು ಲ್ಯಾಬಿನವಳು ಹೋದಳು. ಕೆಳಗಿನ ಹಾಳೆ ಹಿಡಿದಿದೆಯೋ ಇಲ್ಲವೋ ಎಂದು ಹೇಳಬೇಕಾದವಳು ಅವಳೇ.

ಹೆಂಡತಿ ಕೊಳದ ಏರಿಯ ಮೇಲೆ ಕೈಗವಸು ಹಿಂಡುತ್ತ ನಿಂತಿದ್ದಳು. ಅಮ್ಮ ಹೋಗಿ ಅವಳ ಪಕ್ಕ ನಿಂತಳು. ನಾನು ಪಂಪಿನ ಹಿಂದೆ ಅವಿತೆ.

"ಹಿಡಿದಿರತ್ತೆ," ಅಂದಳು ಅಮ್ಮ.

"ನೀರೇ ಮುಟ್ಟಿಲ್ಲ ಅಂತಿದ್ರಲ್ಲ ಅತ್ತೆ."

"ಬಾಯಿ ಏನೋ ಅನ್ನತ್ತೆ. ನೀನು ಬೆಸೆಯೋವಾಗ ಹಿಂದೇನೇ ನಿಂತು ನೋಡಿದೀನಿ. ಒಂದಾದ್ರೂ ತಪ್ಪು ಸಿಗಲಿ ಅಂತಾನೇ ನೋಡಿದ್ದು. ಸಿಗಲಿಲ್ಲ."

ಹೆಂಡತಿ ಅವಳತ್ತ ತಿರುಗಿದಳು. "ಈ ಮಾತನ್ನ ಒಂದು ದಿನ ಊಟದ ಹೊತ್ತಲ್ಲಿ ಹೇಳಬಹುದಿತ್ತು."

ಅಮ್ಮ ಅವಳ ಕೈಯಿಂದ ಕೈಗವಸು ತೆಗೆದುಕೊಂಡು ತಾನೇ ಹಿಂಡತೊಡಗಿದಳು.

ಲ್ಯಾಬಿನವಳು ಏದುಸಿರು ಬಿಡುತ್ತ ಏರಿ ಹತ್ತಿ ಬಂದಳು. "ಎಲ್ಲ ಬಾವಿನೂ ಚೊಕ್ಕವಾಗಿದೆ. ಒಂದು ಹನಿನೂ ಆಚೆ ಹೋಗಿಲ್ಲ."

ನನಗೆ ಕುಣಿಯುವಷ್ಟು ಖುಷಿಯಾಯಿತು, ಕುಣಿದೆ ಕೂಡ. ಮೇಸ್ತ್ರಿ ನನ್ನನ್ನು ತಬ್ಬಿಕೊಂಡು ಅಂಗಿಗೆಲ್ಲ ಗ್ರೀಸು ಬಳಿದ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದ, ಅಮ್ಮನಿಗೆ ಕೇಳಿಸಲೆಂದೇ.

ಸಂಜೆಯ ಹೊತ್ತಿಗೆ ಕೊಳದ ನೀರು ತಗ್ಗಿ, ಇಳಿಜಾರಿನಲ್ಲಿ ಸೀಳು ಕಂಡಿತು. ಅಮ್ಮ ಮೊಣಕಾಲೂರಿ ನೋಡಿದಳು. ಅವಳ ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಬಿರುಕು ಬಿಟ್ಟಿದ್ದು ಅರ್ಧಚಂದ್ರ. ಅಚ್ಚನ್ನು ಅಷ್ಟು ಜೋರಾಗಿ ಒತ್ತಿದ್ದಕ್ಕೆ ಹಾಳೆ ಅಲ್ಲಿ ತೆಳುವಾಗಿತ್ತು.

ಅಮ್ಮ ಬಿರುಕಿನ ಮೇಲೆ ಬೆರಳಾಡಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೆಲಸ ಸೋರಿಲ್ಲ ಕಣೋ, ಜಂಭ ಸೋರಿದೆ."

"ಹಾಗಾದ್ರೆ ಕೊಳ ಪೂರ್ತಿ ಖಾಲಿ ಮಾಡಿ, ಇರೋ ಚಂದ್ರಕ್ಕೆಲ್ಲ ತೇಪೆ ಹಾಕಬೇಕು," ಎಂದಳು ಹೆಂಡತಿ.

"ಹಾಕು. ನಾನು ಹಾಳೆ ಹಿಡ್ಕೋತೀನಿ. ಗುರುತು ಮಾತ್ರ ಇನ್ಮೇಲೆ ಬಣ್ಣದಲ್ಲಿ."

ಮರುದಿನ ಮೊದಲ ತೇಪೆ ಬೆಸೆದಾದ ಮೇಲೆ ಹೆಂಡತಿ ಕುಂಚ ಅದ್ದಿ ತನ್ನ ಚುಕ್ಕೆ ಇಟ್ಟಳು. ಒಂದು ಕ್ಷಣ ಯೋಚಿಸಿ ಅದರ ಸುತ್ತ ಅರ್ಧಚಂದ್ರವನ್ನೂ ಬರೆದಳು.

"ಸೊಟ್ಟಗಿದೆ," ಅಂದಳು ಅಮ್ಮ.

"ಸೊಟ್ಟಗಿದ್ರೂ ಸೋರಲ್ಲ."

ಅಂದು ಊಟಕ್ಕೆ ಕೂತಾಗ ಅಮ್ಮ ತಲೆಯೆತ್ತದೆ ತಟ್ಟೆಯಲ್ಲಿ ಕೈಯಾಡಿಸುತ್ತ, "ನಿನ್ನ ಬೆಸುಗೆ ಚೆನ್ನಾಗಿದೆ," ಅಂದಳು. ನಾನೂ ಹೆಂಡತಿಯೂ ಕಾದೆವು. "ಬಿಡಮ್ಮ" ಬರಲೇ ಇಲ್ಲ. ಹೆಂಡತಿ ಸೌಟು ಎತ್ತಿ, ಸದ್ದೇ ಆಗದ ಹಾಗೆ, ಮೊದಲು ಅತ್ತೆಗೆ ಬಡಿಸಿದಳು.